ಬೆಳ್ಳಿಯ ಮೇಲೆ ಕಪ್ಪು

ಬುಧವಾರ ಸಂಜೆ, ಕೃಷ್ಣಮೂರ್ತಿಪುರದ ಮಹಡಿಯಲ್ಲಿ
ಅಳಸಿಂಗಾಚಾರ್ಯರು ಲಾಂಛನ ಓದುವುದು ಕಲಿಸುತ್ತಾರೆ.
ಮೂರೇ ಮಂದಿ ನಾವು: ಅಂಚೆಚೀಟಿ ಕೂಡಿಡುವ ಹುಡುಗ,
ವಂಶವೃಕ್ಷ ಬರೆಸುತ್ತಿರುವ ಅರಸು ಮನೆತನದ ಹಿರಿಯರು, ನಾನು.

ಮೊದಲ ಪಾಠವೇ ತಲೆಕೆಳಗು:
"ಗುರಾಣಿಯ ಬಲವೆಂದರೆ ನೋಡುವವರ ಬಲವಲ್ಲ,
ಅದರ ಹಿಂದೆ ನಿಂತು ಹಿಡಿದವನ ಬಲ.
ಎದುರಿಗೆ ಕೂತು ಓದಬೇಡಿ. ಒಳಹೊಕ್ಕು ಓದಿ."
ಮನೆಗೆ ಬಂದು ಊಟದ ತಟ್ಟೆ ಎದೆಗೊತ್ತಿಕೊಂಡು
ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ.
ಕನ್ನಡಿ ಇನ್ನಷ್ಟು ಕೆಡಿಸಿತು.

"ಚಿನ್ನದ ಮೇಲೆ ಬೆಳ್ಳಿ ಇಡಬಾರದು,
ಬಣ್ಣದ ಮೇಲೆ ಬಣ್ಣ ಕೂಡದು.
ಧೂಳೆದ್ದ ಮೈದಾನದಲ್ಲಿ, ದೂರದಿಂದ,
ಇವನು ಯಾರ ಕಡೆಯವನೆಂದು ತಿಳಿಯಬೇಕು, ಅಷ್ಟೆ.
ಬಿಳಿಗೆ ಈ ಶಾಸ್ತ್ರದಲ್ಲಿ ಬೆಳ್ಳಿಯೆಂದೇ ಹೆಸರು."

ಮೂರನೇ ವಾರ ಗುಂಡಿ ತೆಗೆದೆ.
ಹಿತ್ತಾಳೆಯದು. ಗಂಡಭೇರುಂಡ: ಎರಡು ತಲೆ, ಒಂದೇ ಎದೆ,
ಒಂದು ಕೊಕ್ಕು ಸವೆದಿದೆ.
ಅಪ್ಪ ಇದನ್ನು ಹತ್ತಿಯಲ್ಲಿಟ್ಟು, ಆಯುಧಪೂಜೆಗೊಮ್ಮೆ ತೆಗೆದು
ಕುಂಕುಮವಿಟ್ಟು, "ನಮ್ಮದು ಅರಮನೆಯ ಮನೆತನ" ಎನ್ನುತ್ತಿದ್ದರು.
ಉಳಿದದ್ದು ಹೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಚಾರ್ಯರು ಭೂತಗನ್ನಡಿ ಹಿಡಿದು
ಹಿಂಬದಿಯನ್ನೇ ಹೆಚ್ಚು ಹೊತ್ತು ನೋಡಿದರು.
"ಚಾಕರಿಯವರ ಕೋಟಿನದಮ್ಮ ಇದು.
ಲಾಂಛನ ತೊಡುವುದು ಬೇರೆ, ಅದಕ್ಕೆ ಒಡೆಯರಾಗುವುದು ಬೇರೆ.
ಮುತ್ತಾತನದು ಯಾವ ಊಳಿಗ? ಬಾಗಿಲೋ, ಲಾಯವೋ?"
ಅರಸು ಹಿರಿಯರು ಮೆಲ್ಲಗೆ ಕೆಮ್ಮಿದರು.

ನಜರಬಾದಿನಲ್ಲಿ ಸೋದರತ್ತೆ ಚೆನ್ನಾಜಮ್ಮ
ನೆನೆದ ಅವರೆಕಾಳು ಹಿದುಕುತ್ತಿದ್ದಳು.
"ಯಾವ ಕೋಟು? ನಿಮ್ಮ ಮುತ್ತಾತ ಕೋಟು ಹಾಕಿದ್ದೇ ಇಲ್ಲ ಕಣ್ ಮಗ,
ಕೋಟು ಒಗೆದ.
ಕಾರಂಜಿ ಕೆರೆ ಕೋಡೀಲಿ, ಒಗೆಯೋ ಕಲ್ಲಿನ ಸಂದೀಲಿ ಸಿಕ್ತು ಇದು.
ಕೊಡಾಕೆ ಹೋದ್ರೆ ಕಿತ್ಕಂಡಿದ್ದ ಅಂತಾರೆ,
ಎಸೆದ್ರೆ ಯಾರಾದ್ರೂ ನೋಡಿ ಹೇಳ್ತಾರೆ.
ಅದಕ್ಕೇ ಮಡಿಕಂಡ. ಸಾಯೋಗಂಟ ಹೆದರ್ಕಂಡೇ ಮಡಿಕಂಡಿದ್ದ.
ನಿಮ್ಮಪ್ಪ ಅದುಕ್ಕೆ ಕುಂಕುಮ ಬೇರೆ ಇಕ್ತಿದ್ನ?"
ನಕ್ಕ ನಗೆಗೆ ಕಾಳು ಮಡಿಲಿಂದ ಉರುಳಿದವು.

ಆಮೇಲೆ ಅವರೆಯ ನೀರಿಗೆ ಬೆರಳದ್ದಿ
ಕೆಂಪು ಗಾರೆ ನೆಲದ ಮೇಲೆ ಬರೆಯತೊಡಗಿದಳು,
ಅ ಆ ಬಾರದ ಬೆರಳಲ್ಲಿ:
ಗೆರೆ, ಕೆಳಗೆರಡು ಚುಕ್ಕಿ, ಲಕ್ಷ್ಮೀಪುರದ ವಕೀಲರು.
ಕತ್ತರಿ, ಮೇಲೊಂದು ಚುಕ್ಕಿ, ಅಗ್ರಹಾರದ ಶಾನುಭೋಗರು.
ಅಣ್ಣತಮ್ಮ ಪಾಲಾದಾಗ
ತಮ್ಮನ ಮನೆಗೆ ಅದೇ ಕತ್ತರಿ, ಚುಕ್ಕಿ ಮಾತ್ರ ಎರಡು.
(ಇದನ್ನೇ ಆಚಾರ್ಯರು ಮುಂದಿನ ಬುಧವಾರ
ಪರದೇಶದ ದೊರೆಮಕ್ಕಳ ಹೆಸರಿನಲ್ಲಿ ಹೇಳಿಕೊಟ್ಟರು.)

ಕರಿಗೇರಿನ ರಸ, ಮೇಲೊಂದಿಷ್ಟು ಸುಣ್ಣ, ಸೂಜಿಮೊನೆ.
ಒಳಮಡಿಕೆಯಲ್ಲಿ, ಉಟ್ಟವರಿಗೂ ಕಾಣದ ಕಡೆ.
ಕೈಗೆ ತಗುಲಿದರೆ ಬೊಬ್ಬೆ;
ಮುತ್ತಾತನ ಹೆಬ್ಬೆರಳು ಕೊನೆತನಕ ಸುಲಿದೇ ಇತ್ತಂತೆ.
ನೂರು ಮನೆಯ ಬಿಳಿ ಒಂದೇ ಉಬ್ಬೆಯಲ್ಲಿ ಬೆಂದರೂ
ಒಬ್ಬರ ಪಂಚೆ ಇನ್ನೊಬ್ಬರ ಮನೆ ಸೇರಲಿಲ್ಲ.
ಬೆಳ್ಳಿಯ ಮೇಲೆ ಕಪ್ಪು. ಶಾಸ್ತ್ರ ತಪ್ಪಿರಲಿಲ್ಲ.

"ನಮ್ದು?" ಎಂದೆ.
"ನಮ್ದೇನು?"
"ನಮ್ಮ ಮನೆ ಗುರುತು."
ಚೆನ್ನಾಜಮ್ಮ ದಡ್ಡಿಯನ್ನು ನೋಡುವಂತೆ ನೋಡಿದಳು.
"ಗುರುತಿಲ್ದೆ ಉಳ್ದಿದ್ದು ನಮ್ದು."

ನಾನು ನೋಟ್‌ಬುಕ್ ತೆರೆಯುವಷ್ಟರಲ್ಲಿ
ವಕೀಲರು ಆರಿಹೋಗಿದ್ದರು.
ಶಾನುಭೋಗರ ಕತ್ತರಿಗೆ ಒಂದೇ ಕಾಲು ಉಳಿದಿತ್ತು.
ಅವಳು ಮತ್ತೆ ಬೆರಳದ್ದಿ ಇನ್ನೊಂದನ್ನು ಬರೆದಳು,
ಕೊಕ್ಕೆ, ಕೊಕ್ಕೆಯೊಳಗೆ ಸೊನ್ನೆ,
ಬರೆದು ತಡೆದಳು.
"ಇದ್ಯಾರ ಮನೇದು... ಹಸಿರು ಬಾಗ್ಲು... ಮೂರು ಹೆಣ್ಮಕ್ಳು..."
ಅದರ ಮೇಲೆಯೇ ಇನ್ನೊಮ್ಮೆ ನೀರೆಳೆದಳು,
ನೆನಪಾಗುವ ತನಕ ಆರದಿರಲೆಂದು.